ಬಣ್ಣ ಹತ್ತದ ಗೋಡೆ

ನಮ್ಮೂರಿನಲ್ಲಿ ವಯಸ್ಸಾದವರು ಯಾರಾದರೂ ಓಣಿಯ ಬಾಯಲ್ಲಿ ನಿಂತು ಬರಿಯ ಗಾಳಿಯನ್ನು ಅಂಗೈಯಿಂದ ತಡವುತ್ತಿದ್ದರೆ, ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಹತ್ತಿರ ಹೋಗಿ, “ಯಾವ ಬಣ್ಣರೀ?” ಎಂದು ಕೇಳುತ್ತಾರೆ. ಒಬ್ಬರು ಕಾವಿ ಅನ್ನುತ್ತಾರೆ, ಇನ್ನೊಬ್ಬರು ಹಸಿರು. ಬಣ್ಣ ಕೇಳಿಕೊಂಡ ಮೇಲೆ ಅವರ ಕೈ ಹಿಡಿದು, “ಕಣ್ಣು ಮುಚ್ರಿ, ನಡೀರಿ” ಎಂದು ಅವರಿಗಷ್ಟೇ ಕಾಣುವ ಗೋಡೆ ದಾಟಿಸಿ, ಓಣಿಯ ಆ ತುದಿಗೆ ಬಿಟ್ಟು ಬರುತ್ತಾರೆ. ದಾಟಿಸುವವರಿಗೆ ಆ ಓಣಿ ತೆರೆದಿರಬೇಕು, ದಾಟುವವರು ಕಣ್ಣು ಬಿಡಬಾರದು, ಅಷ್ಟೇ. ಅಲ್ಲಿ ಗೋಡೆಯೇ ಇಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಅನ್ನ ತುಳಿಯಬಾರದು, ಹಿರಿಯರ ಕಡೆ ಕಾಲು ಚಾಚಬಾರದು ಎನ್ನುವುದರ ಜೊತೆಗೇ ನಮ್ಮ ಮಕ್ಕಳು ಇದನ್ನೂ ಕಲಿಯುತ್ತಾರೆ. ಹಿಂದೊಮ್ಮೆ ಬೇರೆ ಕಡೆಯಿಂದ ಬಂದ ಬ್ಯಾಂಕ್ ಮ್ಯಾನೇಜರ್ ಒಬ್ಬ, “ಇಲ್ಲೇನೂ ಇಲ್ಲ ಅಜ್ಜಿ, ಸುಮ್ಮನೆ ಹೋಗಿ” ಎಂದುಬಿಟ್ಟನಂತೆ. ಆ ಮುದುಕಿ ಅಲ್ಲೇ ಕೂತು ಅತ್ತಳು. ಮ್ಯಾನೇಜರಿಗೆ ವರ್ಗವಾಗುವವರೆಗೂ ಹಾಲಿನವಳು ನೀರು ಬೆರೆಸಿದ ಹಾಲನ್ನೇ ಕೊಟ್ಟಳು.

ನನ್ನ ಅಪ್ಪನ ಗೋಡೆಗಳು ನೀಲಿ. ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಕಲಸಿ ಬಳಿದರೆ ಬರುತ್ತದಲ್ಲ, ಆ ನೀಲಿ. ಅಪ್ಪ ಫಕೀರಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮೆರವಣಿಗೆ ಯಾವ ಓಣಿ ಹೊಕ್ಕರೆ ಯಾವ ಹಾಡು ಎಂಬುದನ್ನು ಆ ಬ್ಯಾಂಡಿನವರು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಕಣ್ಣು ಕಟ್ಟಿ ಬಿಟ್ಟರೂ ಹಾಡು ಕೇಳಿ ಇದು ಇಂಥ ಓಣಿ ಎಂದು ಹೇಳಬಹುದಿತ್ತು. ಓಣಿಗಳು ಒಂದೊಂದಾಗಿ ಅಪ್ಪನಿಗೆ ಮುಚ್ಚುತ್ತ ಬಂದಂತೆ ಹಾಡುಗಳೂ ಅವುಗಳ ಹಿಂದೆ ಹೋದವು. ಬಡಿಗೇರ ಓಣಿ ಮುಚ್ಚಿದ ವಾರ ಅಲ್ಲಿನ ಹಾಡು ನಡುವೆಯೇ ನಿಂತುಹೋಯಿತು. “ಕ್ಲಾರಿನೆಟ್ ಕೆಟ್ಟೈತಿ” ಎಂದು ಅಪ್ಪ ಅದನ್ನು ರಿಪೇರಿಗೆ ಕೊಟ್ಟ. ಅಂಗಡಿಯವನು ಎರಡು ದಿನ ಇಟ್ಟುಕೊಂಡು, ಎಣ್ಣೆ ಸವರಿ, “ಈಗ ಛಲೋ ಆಗೇತಿ ನೋಡಜ್ಜಾ” ಎಂದು ವಾಪಸು ಕೊಟ್ಟ. ನಮ್ಮೂರಿನವರು ಹಾಗೆಯೇ.

ಈಗ ಅಪ್ಪ ಹೆಜ್ಜೆ ಎತ್ತಿಡುವುದಿಲ್ಲ, ಕಾಲನ್ನು ನೆಲಕ್ಕೆ ಉಜ್ಜುತ್ತ ನಡೆಯುತ್ತಾನೆ. ಅಂಗಿಯನ್ನು ತಿರುವು ಮುರುವು ಹಾಕಿಕೊಳ್ಳುತ್ತಾನೆ. ನಗುವ ಮಾತಿಗೆ ಒಮ್ಮೊಮ್ಮೆ ಅಳುತ್ತಾನೆ. ಒಂದೇ ಸಲಕ್ಕೆ ಬಿದ್ದು ಮಲಗಿದ್ದರೆ ನಮಗೂ ತಿಳಿಯುತ್ತಿತ್ತೇನೋ; ಅಪ್ಪನದ್ದು ಹಾಗಾಗಲಿಲ್ಲ, ಓಣಿ ಓಣಿಯಾಗಿ ಹೋಯಿತು. ಅವನಿಗೆ ಉಳಿದಿರುವುದು ಗಾಣಿಗೇರ ಓಣಿಯ ಹಾಡೊಂದೇ. ಆ ಓಣಿಯೂ ಕಳೆದ ದೀಪಾವಳಿಗೆ ನೀಲಿಯಾಯಿತು. ಆದರೆ ನಾನು ದಿನಾ ಸಂಜೆ ಕೈ ಹಿಡಿದು ದಾಟಿಸುತ್ತೇನೆ, ಆ ತುದಿಯ ಬೇವಿನ ಕಟ್ಟೆಯ ಮೇಲೆ ಅವನ ಗೆಳೆಯ ಡೋಲಿನ ಇಮಾಮಸಾಬ ಕಾದಿರುತ್ತಾನೆ, ಅಪ್ಪ ಕಣ್ಣು ಬಿಟ್ಟು, ಕೂತು, ಆ ಒಂದು ಹಾಡು ಊದುತ್ತಾನೆ. ದಿನಾ ದಾಟಿದ್ದರಿಂದಲೇ ಅದು ಉಳಿದಿದೆ ಎಂದು ನನ್ನ ನಂಬಿಕೆ.

ಬೇರೆ ಯಾರ ಕೈಗೂ ಅಪ್ಪ ಕಣ್ಣು ಮುಚ್ಚುವುದಿಲ್ಲ. ನನ್ನ ಗಂಡ ಒಮ್ಮೆ ಪ್ರಯತ್ನಿಸಿದ. ಅವನು ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಬಂದು ನಿದ್ದೆ ತೀರಿಸಿಕೊಂಡು ಹೋಗುತ್ತಾನೆ. ಅಪ್ಪ ಓಣಿಯ ಬಾಯಲ್ಲಿ ಗೂಟ ಹೊಡೆದ ಹಾಗೆ ನಿಂತುಬಿಟ್ಟ.

“ಬರ್ರಿ ಮಾವಾ, ನಾ ಅದೀನಲ್ಲ.”

“ನೀ ಅದೀ ಖರೆ. ನಿನ್ನ ಕೈಯಾಗ ಡೀಸೆಲ್ ವಾಸ್ನಿ ಐತಿ. ನೀ ನನ್ನ ಯಾವ ಊರಾಗ ಇಳಸ್ತೀಯೋ ಯಾರಿಗ್ಗೊತ್ತು.”

ಶೈಲಾ, ನನ್ನ ದೊಡ್ಡ ಮಗಳು, ಎಂಟನೆಯ ತರಗತಿ, ಅವಳ ಕೈಯನ್ನೂ ಅಪ್ಪ ಹಿಡಿಯಲಿಲ್ಲ. ಹುಡುಗಿ ಓಡುತ್ತಾಳೆ ಎಂದ. ಹೀಗಾಗಿ ಅಪ್ಪನ ಹಾಡು ನನ್ನ ಕೈಯ ಮೇಲೆ ನಿಂತಿತ್ತು, ನನ್ನ ಕೈ ಗಾಣಿಗೇರ ಓಣಿಯ ಮೇಲೆ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ನಡೆಸುತ್ತೇನೆ. ಬೆಳಕು ಹರಿಯುವ ಮುಂಚೆ ರೊಟ್ಟಿ ಬಡಿಯಲು ಕೂತರೆ ಮಧ್ಯಾಹ್ನ ಡಬ್ಬಿಗಳ ಬುಟ್ಟಿ ಹೊತ್ತು ಅದೇ ಓಣಿಯಲ್ಲಿ ಹತ್ತಿ ಗಿರಣಿಗೆ ಹೋಗಿ ಬರುತ್ತೇನೆ. ಬಂದ ಮೇಲೆ ಮುಸುರೆ, ಸಣ್ಣ ಮಗನ ಅಂಗಿಯ ಗುಂಡಿ, ಶೈಲಾಳ ಗಣಿತ, ಸಂಜೆಗೆ ಅಪ್ಪ, ಮತ್ತೆ ಒಲೆ. ಅಡುಗೆ ಮಾಡುವವಳ ಊಟ ಊಟವಲ್ಲ. ಬೆಳಗಿನಿಂದ ಪಲ್ಯದ್ದೊಂದಿಷ್ಟು, ಸಾರಿನದ್ದೊಂದು ಹನಿ ಅಂಗೈಗೆ ಹಾಕಿಕೊಂಡು ಉಪ್ಪು ನೋಡುವುದು. ಎಲ್ಲರದ್ದೂ ಆದ ಮೇಲೆ ಒಲೆಯ ಮುಂದೆ ನಿಂತೇ ಉಳಿದ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ನುಂಗುವುದು. ಹಿಂದಲೆ ಭಾರವಾದರೆ ಸೆರಗು ಬಿಗಿದು ಕಟ್ಟಿಕೊಳ್ಳುವುದು. ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದಾಗ ಎದೆ ಕಿವಿಯಲ್ಲಿ ಬಡಿದರೆ, ನಲವತ್ತಾರಾಯಿತಲ್ಲ, ಬಡಿಯಲಿ ಎನ್ನುವುದು.

ಒಂದು ಮಧ್ಯಾಹ್ನ ಗಾಣಿಗೇರ ಓಣಿಯ ನಟ್ಟನಡುವೆ ಬುಟ್ಟಿಯ ಅಂಚು ಯಾವುದಕ್ಕೋ ಉಜ್ಜಿತು. ಮರುದಿನ ಎಡ ಹೆಗಲು ಉಜ್ಜಿತು. ಆ ವಾರ ಮುಗಿಯುವಷ್ಟರಲ್ಲಿ ಬುಟ್ಟಿಯನ್ನು ತಲೆಯಿಂದ ಇಳಿಸಿ, ಸೊಂಟಕ್ಕೆ ಇಟ್ಟುಕೊಂಡು, ಮೈ ತಿರುಗಿಸಿ ನಡೆಯಬೇಕಾಯಿತು. ಎರಡು ಚಕ್ಕಡಿ ಎದುರುಬದುರಾದರೂ ಒಂದಕ್ಕೊಂದು ತಾಗದೆ ಹೋಗುವ ಓಣಿ ಅದು. ನಾನು ಸುತ್ತ ನೋಡಿದೆ. ಎಣ್ಣೆ ಗಾಣದ ಬಸವಂತಪ್ಪ ತನ್ನ ಜಗಲಿಯ ಮೇಲೆ ಕೂತು ಶೇಂಗಾ ಆರಿಸುತ್ತಿದ್ದ. ಹಾಗಾದರೆ ಇವನದೇ ಕೆಲಸ ಎಂದು ನನಗೆ ಖಾತ್ರಿಯಾಯಿತು.

“ಬಸವಂತಣ್ಣಾ, ನಿನ್ನ ಜಗಲಿ ಮುಂದ ಬಂದೈತಿ.”

ಬಸವಂತಪ್ಪ ನನ್ನ ಮುಖ ನೋಡಿದ, ಸೊಂಟದ ಮೇಲಿನ ಬುಟ್ಟಿ ನೋಡಿದ, ಖಾಲಿ ಬಿದ್ದಿದ್ದ ಓಣಿಯನ್ನು ನೋಡಿದ. ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟ.

“ಹೌದನವಾ ಸಂಗವ್ವಾ? ಇರಬೇಕು. ಮಳ್ಯಾಗ ಕಲ್ಲು ಜರದಿರಬೇಕು.”

“ಕಲ್ಲು ತಾವ ಎದ್ದು ಹೆಂಗ ಜರೀತಾವ? ದಾರಿ ಮ್ಯಾಲ ಕಟ್ಟೀ ನೀನು. ಪಂಚಾಯ್ತಿಗೆ ಹೇಳ್ತೀನಿ ನೋಡು.”

“ಅಲ್ಲಿತನಕ ಯಾಕ ಹೋಗ್ತೀ ತಂಗೀ. ನಾನ ಒಡಸ್ತೀನಿ.”

ಆಡಿದ ಹಾಗೆಯೇ ಮಾಡಿದ. ಗೌಂಡಿಯನ್ನು ಕರೆಸಿ, ಅವನ ಅಜ್ಜ ಕಟ್ಟಿಸಿದ ಜಗಲಿಯನ್ನು ಒಂದು ಮೊಳ ಒಡೆಸಿದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಗಂಡನನ್ನು ನುಂಗುವ ಹಾಗೆ ನೋಡುತ್ತಿದ್ದಳು, ನನ್ನನ್ನು ಕಂಡು ಒಳಗೆ ಹೋದಳು. ಮರುದಿನ ಹೂವಿನ ತಿಪ್ಪವ್ವ ತನ್ನ ಹಲಗೆಯನ್ನು ಹೊಸ್ತಿಲೊಳಗೆ ಎಳೆದುಕೊಂಡು ಕೂತಿದ್ದಳು. ಯಾರೋ ಹೊರಗಿನ ಒರಳುಕಲ್ಲನ್ನು ಉರುಳಿಸಿ ಒಳಗೆ ಒಯ್ದರು. ಸೈಕಲ್ಲುಗಳು ಹಿತ್ತಲು ಸೇರಿದವು. ನಾನು ಬುಟ್ಟಿ ಹಿಡಿದು ಬರುವ ಹೊತ್ತಿಗೆ, ದೇವರ ಪಲ್ಲಕ್ಕಿಗೆ ದಾರಿ ಬಿಟ್ಟ ಹಾಗೆ ಇಡೀ ಓಣಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿತ್ತು. ಆ ಜನರ ನಡುವೆ, ಚಕ್ಕಡಿ ಹಾಯುವ ದಾರಿಯಲ್ಲಿ, ನಾನೊಬ್ಬಳು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಹೋಗುತ್ತಿದ್ದೆ. ಯಾರೂ ನಗಲಿಲ್ಲ. ಎಲ್ಲರ ಕಣ್ಣಲ್ಲೂ ಎಂಥ ಮರ್ಯಾದೆ ಇತ್ತೆಂದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇದು ನನ್ನದೇ ಗೋಡೆ ಎಂದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಾದರೆ ಮುಂದಿನ ಕೆಲಸ ಯಾರು ಮಾಡಬೇಕು? ರೊಟ್ಟಿ ಬಡಿಯುವ ಕೈಗೆ ಮೊದಲು ರೊಟ್ಟಿ, ಆಮೇಲೆ ಉಳಿದದ್ದು.

ಅಪ್ಪನನ್ನು ಮಾತ್ರ ಬಿಡಲಿಲ್ಲ. ಸಂಜೆ ಎಂದಿನಂತೆ ಎಡಗೈಯನ್ನು ಹಿಂದಕ್ಕೆ ಚಾಚಿ ಅವನ ಕೈ ಹಿಡಿದು ಓಣಿ ಹೊಕ್ಕೆ. ಅಪ್ಪ ಕಣ್ಣು ಮುಚ್ಚಿಕೊಂಡು, ಬಗಲಲ್ಲಿ ಕ್ಲಾರಿನೆಟ್ಟಿನ ಚೀಲ ಸಿಕ್ಕಿಸಿಕೊಂಡು, ಕಾಲು ಉಜ್ಜುತ್ತ ಬರುತ್ತಿದ್ದ. ಬಸವಂತಪ್ಪನ ಮನೆಯ ಹತ್ತಿರ ನಿಂತುಬಿಟ್ಟ.

“ಸಂಗಿ, ನಿಲ್ಲು.”

“ಯಾಕಪ್ಪಾ, ಕಾಲಿಗೇನರ ಚುಚ್ಚಿತೇನ?”

“ನಿನ್ನ ಕೈ ಅಡ್ಡ ಐತಿ.”

“ಅಡ್ಡ ಅಂದ್ರ?”

“ಸೀದಾ ನಡೆಯೋರ ಹೆಬ್ಬಟ್ಟು ಹಿಂಗ ಕೆಳಗ ಇರ್ತೈತಿ. ನಿಂದು ಮ್ಯಾಲ ಬಂದೈತಿ.” ಕಣ್ಣು ಮುಚ್ಚಿಕೊಂಡೇ ನನ್ನ ಹೆಬ್ಬೆರಳನ್ನು ಒತ್ತಿ ತೋರಿಸಿದ. “ಏಡಿ ನಡದ್ಹಂಗ ನಡ್ಯಾಕತ್ತೀ ನೀನು. ಯಾವಾಗಿಂದ?”

“ಇಕ್ಕಟ್ಟ ಐತಪ್ಪಾ. ಬಸವಂತಣ್ಣ ಜಗಲಿ ಒಡಸಿದ, ಆದ್ರೂ ಸಾಲಾಂಗಿಲ್ಲ.”

ಅಪ್ಪ ಇನ್ನೊಮ್ಮೆ ನನ್ನ ಹೆಬ್ಬೆರಳನ್ನು ತಡವಿ ನೋಡಿದ. ಆಮೇಲೆ ಹೇಳಿದ: “ಇಲ್ಲೆ ಗ್ವಾಡಿ ಇಲ್ಲ, ಸಂಗಿ.”

ತಿಪ್ಪವ್ವನ ಕೈಯ ದಾರ ನಿಂತಿತು. ಬಸವಂತಪ್ಪ ಎದ್ದು ನಿಂತ. ಹುಟ್ಟಿದಾಗಿನಿಂದ ಆ ಮಾತನ್ನು ನಾನು ನಮ್ಮೂರಿನವರ ಬಾಯಲ್ಲಿ ಕೇಳಿರಲಿಲ್ಲ. ಮುಖಕ್ಕೆ ಹೊಡೆಸಿಕೊಂಡ ಹಾಗಾಯಿತು.

“ನಿನ್ನ ಗ್ವಾಡಿ ಇಲ್ಲ ಅಂತ ನಾ ಒಮ್ಮೆರ ಅಂದೇನೇನಪ್ಪಾ? ದಿನಾ ಕೈ ಹಿಡದು ದಾಟಸ್ತೀನಿ. ಒಮ್ಮೆರ ಅಂದೇನೇನ?”

“ಅಂದಿಲ್ಲವಾ. ನನ್ನ ಗ್ವಾಡಿಗೆ ಬಣ್ಣ ಹತ್ತೈತಿ, ಇನ್ನ ಅದು ಖರೇನ ಗ್ವಾಡಿ. ನಿಂದಕ್ಕ ಯಾವ ಬಣ್ಣ?”

ನಾನು ಆವರೆಗೆ ಅದರ ಕಡೆ ನೋಡಿರಲೇ ಇಲ್ಲ. ತಲೆ ತಗ್ಗಿಸಿ ದಾಟುತ್ತಿದ್ದೆ. ಮೊದಲ ಸಲ ಕಣ್ಣೆತ್ತಿ ನೋಡಿದೆ. ಎರಡೂ ಕಡೆ ಹಸಿ ಮಣ್ಣು. ಗಿಲಾವು ಇಲ್ಲ, ಸುಣ್ಣ ಇಲ್ಲ. ಆಗಷ್ಟೇ ಯಾರೋ ಮೆತ್ತಿ ಹೋದ ಹಾಗೆ ಬೆರಳ ಗುರುತುಗಳು.

“ಬಣ್ಣ ಇಲ್ಲಪ್ಪಾ. ಇನ್ನೂ ಹಸಿ ಐತಿ.”

“ಹಂಗಾದ್ರ ನಡಿ, ಬೇವಿನ ಕಟ್ಟಿಗೆ ಹೋಗೂಣು. ಇಮಾಮನ್ನ ಒಂದು ಕೇಳೂದೈತಿ.”

ಬೇವಿನ ಕಟ್ಟೆಯ ಮೇಲೆ ಇಮಾಮಸಾಬ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಅಪ್ಪ ಕಣ್ಣು ಬಿಟ್ಟು, ಕೂತು, ಚೀಲ ಬಿಚ್ಚದೆ ಅವನ ಕಡೆ ತಿರುಗಿದ.

“ಇಮಾಮ, ಮೆರವಣಿಗ್ಯಾಗ ನೀ ನನ್ನ ಹಿಂದ ಇರ್ತಿದ್ದಿ.”

“ಇರ್ತಿದ್ದೆ. ನಿನ್ನ ಬೆನ್ನು ನೋಡಿ ನೋಡಿ ನನಗ ನಿನ್ನ ಮುಖ ಮರತ ಹೋಗಿತ್ತು.”

“ಸಂಗಿಯಷ್ಟ ಇದ್ದಾಗ ನಾ ಅಡ್ಡ ನಡೀತಿದ್ನಿಲ್ಲ?”

ಇಮಾಮಸಾಬ ಡೋಲಿನ ಹಗ್ಗವನ್ನು ಎಳೆದು ಬಿಗಿ ಮಾಡತೊಡಗಿದ. ಅದು ಮೊದಲೇ ಬಿಗಿಯಾಗಿತ್ತು.

“ನಡೀತಿದ್ದಿ,” ಎಂದ ಕಡೆಗೆ. “ಕ್ಲಾರಿನೆಟ್ ಎತ್ತಿ ಹಿಡದು, ಒಂದು ಹೆಗಲು ಮುಂದ ಮಾಡಿ. ನೋಡಿದ ಮಂದಿ ಅದು ಕುಣಿತ ಅಂತ ತಿಳಕೊಂಡ್ರು. ಸೀಟಿ ಹೊಡೀತಿದ್ರು.”

“ನೀ ಏನ್ ತಿಳಕೊಂಡಿ?”

“ನನಗ ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಬಾರದಲ್ಲೋ ಮಾರಾಯಾ. ಊರಾಗ ರೂಢಿ ಐತಿ. ರಾತ್ರಿಯೆಲ್ಲಾ ಊದತಿದ್ದಿ, ತಂಬಾಕು ಬಾಯಾಗ ಇಟ್ಟಕೊಂಡ ಮಲಗತಿದ್ದಿ, ಹೇಳಿದ್ರ ನನ್ನ ಬೈತಿದ್ದಿ.”

“ಬೈತಿದ್ದೆ.”

“ಅದಕ್ಕ ಹೇಳಲಿಲ್ಲ.”

“ಬೈಸಿಕೋಬೇಕಾಗಿತ್ತು ನೀನು,” ಎಂದ ಅಪ್ಪ. ಸಿಟ್ಟಿನಿಂದಲ್ಲ. ಹಾಡಿನ ನಡುವೆ ಡೋಲು ಒಂದು ಪೆಟ್ಟು ತಪ್ಪಿದರೆ ಹೇಗೆ ಹೇಳುತ್ತಿದ್ದನೋ ಹಾಗೆ.

ಇಮಾಮಸಾಬ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡ.  ಆಮೇಲೆ ನನ್ನ ಕಡೆ ತಿರುಗಿ, “ತಂಗೀ, ನೀನೂ ಅಡ್ಡ ನಡ್ಯಾಕತ್ತೀ. ನಾ ದಿನಾ ನೋಡ್ತೀನಿ. ಈಗ ಹೇಳೇನಿ. ಬೈಯೂದಿದ್ರ ಬೈ” ಎಂದ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಮರುದಿನ ನಾನು ದವಾಖಾನೆಗೆ ಹೋದೆ. ಅಪ್ಪನನ್ನು ನೋಡುವ ಡಾಕ್ಟರಬಾಯಿ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಇಳಿಸಿ, ಮತ್ತೊಮ್ಮೆ ಹಾಕಿದರು. “ಈ ಬಿಪಿ ಇಟ್ಟಕೊಂಡು ಬುಟ್ಟಿ ಬ್ಯಾರೆ ಹೊರತೀಯೇನವಾ?” ಎಂದರು. ರಕ್ತ ಜೋರು ಮಾಡಿ ಹರಿದರೆ ಮೊದಲು ಎದೆ ದಣಿಯುತ್ತದೆ, ಆಮೇಲೆ ತಲೆಯೊಳಗಿನ ಕೂದಲೆಳೆಯಂಥ ನಾಳಗಳು ಒಳಗೊಳಗೇ ದಪ್ಪವಾಗುತ್ತವೆ, ನೋವಿಲ್ಲ, ಸದ್ದಿಲ್ಲ, ಇಪ್ಪತ್ತು ವರ್ಷ ಆದ ಮೇಲೆ ಓಣಿ ಮುಚ್ಚುತ್ತದೆ ಎಂದರು. “ಬಣ್ಣ ಹತ್ತಿದ ಮ್ಯಾಲ ನನ್ನ ಹತ್ರ ಔಷಧ ಇಲ್ಲ. ನಿಮ್ಮಪ್ಪಗ ನಾ ಮಾಡೂದು ಇದ್ದದ್ದು ಉಳಿಸೂದು ಅಷ್ಟ. ಹಸಿ ಇದ್ದಾಗ ಬಂದೀ, ದೊಡ್ಡ ಮಾತು.”

“ಏನ್ ಮಾಡಬೇಕ್ರಿ?”

“ಗುಳಿಗಿ ದಿನಾ, ಒಂದಿನಾನೂ ತಪ್ಪಸದ. ಉಪ್ಪು ಅರ್ಧಕ್ಕ ಇಳಸು. ಬುಟ್ಟಿ ಇಲ್ಲದ ನಡಿ, ಬರೇ ಕೈಲೆ, ಎದಿ ಬೆಚ್ಚಗಾಗುವಷ್ಟು. ಹೊತ್ತಿಗೆ ಸರಿಯಾಗಿ ಮಲಗು.”

“ಖಾನಾವಳಿ ಇಟ್ಟಾಕಿಗೆ ಮಲಗು ಅಂತೀರಲ್ಲ.”

“ಖಾನಾವಳಿ ಇಟ್ಟಾಕಿಗೆ ಅಂತ ಹೇಳಾಕತ್ತೇನಿ. ಅರಮನ್ಯಾಗ ಇರೋರು ತಾವ ಮಲಗ್ತಾರ.”

ಉಪ್ಪು ಇಳಿಸಿದ ಮೊದಲ ವಾರ ಖಾನಾವಳಿಯಲ್ಲಿ ಗದ್ದಲ. “ಸಂಗವ್ವಾ, ಪಲ್ಯಾದ ಮ್ಯಾಲ ಸಿಟ್ಟೇನ?” ಎಂದು ಗಿರಣಿಯ ಫಿಟ್ಟರ್ ಕೇಳಿದ. ಒಂದು ಬಟ್ಟಲಲ್ಲಿ ಉಪ್ಪು ಹಾಕಿ ಮುಂದಿಟ್ಟೆ, ಬೇಕಾದವರು ಹಾಕಿಕೊಳ್ಳಲಿ ಎಂದು. ಎರಡನೆಯ ವಾರ ಬಟ್ಟಲು ತುಂಬಿದ ಹಾಗೆಯೇ ಉಳಿಯತೊಡಗಿತು. ಹಸಿಮೆಣಸು, ಹುಣಸೆ, ಬೆಳ್ಳುಳ್ಳಿ ಹಾಕಿದರೆ ನಾಲಿಗೆ ತಕರಾರು ಬಿಡುತ್ತದೆ. ನನ್ನ ನಾಲಿಗೆಯೇ ಎಲ್ಲರಿಗಿಂತ ಹಟಮಾರಿ. ಒಲೆಯ ಮುಂದೆ ನಿಂತು ತಿನ್ನುವಾಗ ಕೈ ತಾನಾಗಿ ಉಪ್ಪಿನಕಾಯಿ ಭರಣಿಗೆ ಹೋಗುತ್ತಿತ್ತು. ಶೈಲಾ ಭರಣಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಹಿತ್ತಲಿಗೆ ಒಯ್ದಳು. “ಕೂತು ಉಣ್ಣವಾ,” ಎಂದಳು, ನಾನು ಅವಳಿಗೆ ಅನ್ನುವ ಧಾಟಿಯಲ್ಲೇ. ಗಿರಣಿಯವರಿಗೆ ಡಬ್ಬಿ ನೀವೇ ಬಂದು ಒಯ್ಯಿರಿ ಎಂದೆ. ಕೆಲವರು ಬಂದರು, ಕೆಲವರು ಬೇರೆ ಖಾನಾವಳಿ ನೋಡಿಕೊಂಡರು. ನೋಡಿಕೊಳ್ಳಲಿ.

ಬೆಳಿಗ್ಗೆ ಬರಿಗೈಯಲ್ಲಿ ಗಾಣಿಗೇರ ಓಣಿಯಲ್ಲಿ ನಡೆಯುವುದು ಮೊದಮೊದಲು ನಾಚಿಕೆಯ ಕೆಲಸವಾಗಿತ್ತು. ಕೆಲಸವಿಲ್ಲದ ಹೆಂಗಸಿನ ಹಾಗೆ ಕೈ ಬೀಸುತ್ತ ಹೋಗುವುದೇ? ತಿಪ್ಪವ್ವ ಹೊಸ್ತಿಲೊಳಗಿಂದ ನೋಡುತ್ತ ಕೂಡುತ್ತಿದ್ದಳು. ಒಂದು ದಿನ ಅವಳು ಗಂಟಲು ಸರಿಮಾಡಿಕೊಂಡು, ಕಳ್ಳಮಾತು ಹೇಳುವವಳ ಹಾಗೆ, “ಸಂಗವ್ವಾ, ಇವತ್ತ ನಿನ್ನ ಹೆಗಲು ನಿನ್ನೆಗಿಂತ ಸೀದಾ ಇತ್ತು” ಎಂದಳು. ಹೇಳಿ ತಾನೇ ಹೆದರಿ ಮಲ್ಲಿಗೆ ಬುಟ್ಟಿಗೆ ನೀರು ಚಿಮುಕಿಸತೊಡಗಿದಳು. ಆಮೇಲೆ ಬಸವಂತಪ್ಪನೂ ಹೇಳಿದ. ಅವನ ಜಗಲಿಯನ್ನು ಮತ್ತೆ ಕಟ್ಟಿಸಿಕೊಡುತ್ತೇನೆ ಎಂದೆ. “ಇರಲಿ ಬಿಡವಾ, ನನ್ನ ಹೆಂಡ್ತಿಗೆ ದಿನಾ ಬೈಯಾಕ ಒಂದು ಬೇಕಲ್ಲ” ಎಂದ. ಓಣಿ ಮೊದಲಿನಷ್ಟು ಅಗಲವಾಗಿಲ್ಲ. ಆದರೆ ಬುಟ್ಟಿ ತಲೆಯ ಮೇಲಿದ್ದರೂ ಹಾಯುತ್ತದೆ, ಮಣ್ಣು ಮಣ್ಣಾಗಿಯೇ ಇದೆ. ಮೊನ್ನೆ ಊಟಕ್ಕೆ ಬಂದ ಫಿಟ್ಟರ್ ನನ್ನ ಖಾನಾವಳಿಯ ಬಾಗಿಲಲ್ಲಿ ಒಂದು ಹೆಗಲು ಮುಂದೆ ಮಾಡಿ ಒಳಗೆ ಬಂದ. ಬಾಗಿಲು ಅಷ್ಟು ಸಣ್ಣದಲ್ಲ. ನಾನು ರೊಟ್ಟಿ ಹಾಕುತ್ತ ಬಗ್ಗಿ, ಮೆಲ್ಲಗೆ, “ಅಣ್ಣಾ, ಅಲ್ಲಿ ಗ್ವಾಡಿ ಇಲ್ಲ, ಡಾಕ್ಟರಬಾಯಿ ಹತ್ರ ಹೋಗಿ ಬಾ” ಎಂದೆ. ಅವನು ಉಣ್ಣದೆ ಎದ್ದು ಹೋದ. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದು, ನನ್ನ ಮುಖ ನೋಡದೆ, “ಉಪ್ಪಿನ ಬಟ್ಟಲಾ ಆ ಕಡೆ ಇಡು” ಎಂದ.

ಅಪ್ಪನಿಗೆ ಆ ಸಂಜೆಯ ನಂತರ ಒಂದು ಅಭ್ಯಾಸವಾಯಿತು. ಓಣಿ ಹೊಕ್ಕ ಮೇಲೆ, ಕಣ್ಣು ಮುಚ್ಚಿಕೊಂಡೇ, “ಯಾವ ಬಣ್ಣ?” ಎಂದು ಕೇಳುತ್ತಿದ್ದ. ಅವನ ಗೋಡೆಯದ್ದಲ್ಲ, ನನ್ನದು. “ಬಣ್ಣ ಹತ್ತಿಲ್ಲಪ್ಪಾ, ಇನ್ನೂ ಹಸಿ” ಎನ್ನುತ್ತಿದ್ದೆ. “ಹಾಂ,” ಎಂದು ಕಾಲು ಉಜ್ಜುತ್ತ ಬರುತ್ತಿದ್ದ. ಮಳೆಗಾಲ ಕಳೆಯುವಷ್ಟರಲ್ಲಿ ಅವನಿಗೆ ನಮ್ಮ ಅಡುಗೆ ಮನೆಯ ದಾರಿಯೂ ನೀಲಿಯಾಯಿತು. ಶೈಲಾಳನ್ನು ನನ್ನ ಹೆಸರಿನಿಂದ ಕರೆಯತೊಡಗಿದ, ನನ್ನನ್ನು ನನ್ನ ಅವ್ವನ ಹೆಸರಿನಿಂದ. ಕಟ್ಟೆಯ ಮೇಲಿನ ಹಾಡು ಅರ್ಧಕ್ಕೆ ಬಂದು ನಿಂತರೆ ಇಮಾಮಸಾಬ ಉಳಿದರ್ಧವನ್ನು ಡೋಲಿನಲ್ಲೇ ಮುಗಿಸಿ, “ಭೇಷ್ ಊದಿದಿ” ಎನ್ನುತ್ತಾನೆ. ಅದೊಂದು ರೂಢಿಯನ್ನು ಅವನು ಬಿಟ್ಟಿಲ್ಲ, ಬಿಡಬೇಕೆಂದು ನನಗೂ ಅನ್ನಿಸಿಲ್ಲ.

ಇವತ್ತು ಸಂಜೆ ಅಪ್ಪ ಬಣ್ಣ ಕೇಳಲಿಲ್ಲ. ಬಸವಂತಪ್ಪನ ಮನೆ ಬಂತು, ಒಡೆದ ಜಗಲಿ ಬಂತು, ಅಪ್ಪ ಏನೂ ಕೇಳಲಿಲ್ಲ. ನಾನು ಹೆಜ್ಜೆ ನಿಧಾನ ಮಾಡಿದೆ. ಇದೂ ಹೋಯಿತು ಎಂದುಕೊಂಡೆ. ಹಿಂತಿರುಗಿ ನೋಡುವ ಧೈರ್ಯವಾಗದೆ ಮುಂದೆ ನೋಡುತ್ತಲೇ ನಡೆದೆ. ಆಗ ನನ್ನ ಅಂಗೈಯೊಳಗೆ ಅವನ ಬೆರಳುಗಳು ಅಲ್ಲಾಡಿದವು. ಕ್ಲಾರಿನೆಟ್ಟಿನ ಗುಂಡಿ ಹುಡುಕುವ ಹಾಗೆ ತಡಕಾಡಿ, ನನ್ನ ಹೆಬ್ಬೆರಳನ್ನು ಹುಡುಕಿ ಹಿಡಿದು, ಅದು ಎಲ್ಲಿದೆ ಎಂದು ಒತ್ತಿ ನೋಡಿದವು.

“ಸೀದಾ ಐತಿ,” ಎಂದ ಅಪ್ಪ. “ನಡಿ.”